ತೆಳು ಎಣ್ಣೆ

"ಅದು ಬ್ಯಾಡ. ಮನ್ಯಾಗ ಉಡ್ತೀಯಲ್ಲ, ಆ ಹಳೇ ಹತ್ತಿ ಸೀರಿ ಉಟ್ಕೋ" ಎಂದ ಸಂಗಮೇಶ್ವರ, ಬಾಗಿಲ ಚೌಕಟ್ಟಿಗೆ ಒರಗಿ ನಿಂತು. ಕಪಾಟಿನಿಂದ ಅರ್ಧ ಹೊರಗೆಳೆದಿದ್ದ ಸೀರೆಯನ್ನು ಹಾಗೆಯೇ ಹಿಡಿದುಕೊಂಡು ಬಸವೇಶ್ವರಿ ಗಂಡನ ಮುಖ ನೋಡಿದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಏನು ಉಡುತ್ತಾಳೆ ಎಂಬುದನ್ನು ಅವನು ಗಮನಿಸಿದ್ದೇ ಇಲ್ಲ. ಹೊಸದನ್ನು ಉಟ್ಟು ಎದುರಿಗೆ ನಿಂತರೂ ಪಲ್ಯ ಏನು ಮಾಡಿದ್ದೀ ಎಂದು ಕೇಳುವ ಮನುಷ್ಯ. ಇವತ್ತು ಮಾತ್ರ ಅವನ ಕಣ್ಣು ಅವಳನ್ನು ತಲೆಯಿಂದ ಕಾಲಿನವರೆಗೆ ಅಳೆಯುತ್ತಿತ್ತು, ಗಿರಾಕಿಗೆ ತೋರಿಸುವ ಮೊದಲು ಡಬ್ಬಿಯ ಮೇಲಿನ ಧೂಳು ಎಷ್ಟಿದೆ ಎಂದು ನೋಡುವಂತೆ. "ಚಸ್ಮಾನೂ ತಗದಿಡು. ಚಸ್ಮಾ ಹಾಕ್ಕೊಂಡ್ರ ಮಾಸ್ತರಣಿ ಹಂಗ ಕಾಣ್ತಿ." ಚಸ್ಮಾ ಇಲ್ಲದಿದ್ದರೆ ದೂರದ್ದು ಕಾಣುವುದಿಲ್ಲ ಎಂದಳು. "ಏನ್ ನೋಡೂದದ ಅಲ್ಲಿ? ನಾ ಕೈ ಹಿಡದು ಒಯ್ತೀನಿ" ಎಂದು ನಕ್ಕ. ನಗು ಮುಗಿಯುವ ಮೊದಲೇ ಅವನ ದನಿ ತಗ್ಗಿತು. "ಒಂದ ಮಾತು ಅನ್ನೂದದ ಬಸೂ. ನನಗ ಗೊತ್ತಾಗಲಿಲ್ಲ, ನಂಬರ ನೋಡೂದು ತಿಳಿಯಂಗಿಲ್ಲ, ತಪ್ಪ ಡಬ್ಬಿ ಕೊಟ್ಟೆ. ಅಷ್ಟ. ಹೆಣ್ಮಗಳು ಗೊತ್ತಿಲ್ದ ಮಾಡೀನಿ ಅಂದ್ರ ಯಾರೂ ಮ್ಯಾಲ ಬರಂಗಿಲ್ಲ. ದವಾಖಾನ್ಯಾಗ ಮಲಗಿದ ಆಕಿ ಲಲಿತಾಬಾಯಿನೂ ಅದನ್ನ ಅಂದಾಳ. ಎಣ್ಣಿ ಕೊಟ್ಟಾಕಿ ಬಂದು ನನ್ನ ಮುಂದ ಗೊತ್ತಿಲ್ದ ಆಯ್ತು ಅನ್ಲಿ, ನಾ ಯಾರ ಮ್ಯಾಲೂ ಕೇಸ್ ಮಾಡಂಗಿಲ್ಲ ಅಂತ."

ಅವಳು ಹಳೇ ಸೀರೆಯನ್ನೇ ಉಟ್ಟಳು. ನೆರಿಗೆ ಎರಡು ಸಲ ತಪ್ಪಿತು. ಹೆದರಿಕೆ ಎಂದು ಮೊದಲು ಅಂದುಕೊಂಡಳು. ಹೊರಗೆ ಕಾರಿನ ಹಾರ್ನು ಕೇಳಿದಾಗ ಅದು ಹೆದರಿಕೆಯಲ್ಲ, ಸಿಟ್ಟು ಎಂದು ಗೊತ್ತಾಯಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಕನ್ನಡಿಯ ಮುಂದೆ ಚಸ್ಮಾ ತೆಗೆದಿಟ್ಟಾಗ ತನ್ನ ಮುಖವೇ ಅಂಚು ಕರಗಿ ಮಸುಕಾಯಿತು. ಏನೂ ತಿಳಿಯದ ಹೆಂಗಸೊಬ್ಬಳು ಅಲ್ಲಿ ನಿಂತಿದ್ದಳು. ಇವರಿಗೆ ಬೇಕಾದದ್ದು ಇವಳೇ ಎಂದುಕೊಂಡಳು.

ಕಾರು ದೇವಿಂದ್ರಪ್ಪನದು. ಶಹಾಬಾದಿನ ಕಡೆ ಅವನ ಕಲ್ಲಿನ ಖಣಿ. ಸಂಬಂಧದಲ್ಲಿ ಸಂಗಮೇಶ್ವರನಿಗೆ ಸೋದರಮಾವ, ಅವಳೂ ಮಾವಾರ ಎಂದೇ ಕರೆಯುತ್ತಿದ್ದಳು. ಗಂಡಸರಿಬ್ಬರೂ ಮುಂದೆ ಕುಳಿತರು. ಅವಳನ್ನೂ ಮೋಸಂಬಿ ತುಂಬಿದ ಚೀಲವನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿದರು. ವಾಡಿಯ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿಯ ಡಬ್ಬಿಗಳು ಒಂದೇ ಸಮನೆ ಹಾದುಹೋಗುತ್ತಿದ್ದವು. ಚಸ್ಮಾ ಇಲ್ಲದ ಕಣ್ಣಿಗೆ ಅದು ಕೊನೆಯಿಲ್ಲದ ಒಂದೇ ಕಂದು ಗೋಡೆ. ಕಿಟಕಿಯ ಗಾಜಿನ ಮೇಲೆ ಸಿಮೆಂಟಿನ ಬೂದಿ, ಗೇಟಿನಾಚೆಯ ಬೇವಿನ ಮರದ ಮೇಲೂ ಅದೇ ಬೂದಿ. ದೇವಿಂದ್ರಪ್ಪ ಎಸಿಯ ಗುಂಡಿ ತಿರುಗಿಸುತ್ತ, "ನೋಡವ್ವಾ ಬಸಮ್ಮ, ನೀ ಏನೂ ಮನಸಿಗಿ ಹಚ್ಕೋಬ್ಯಾಡ. ಗಲತಿ ಯಾರಿಂದ ಆಗಂಗಿಲ್ಲ? ನಮ್ಮ ಮನ್ಯಾಕಿ ಉಪ್ಪು ಅಂತ ಸಕ್ರಿ ಹಾಕ್ತಾಳ. ನಾವೇನ್ ಹೊಡದು ಹಾಕ್ತೀವೇನು?" ಎಂದ. ಸಂಗಮೇಶ್ವರ ಬೇಕಾದಷ್ಟಕ್ಕಿಂತ ಜೋರಾಗಿ ನಕ್ಕ. ಉಪ್ಪು, ಸಕ್ಕರೆ. ಅವಳಿಗೆ ಆ ಶನಿವಾರದ ಸಾರಿನ ಮಾತು ನೆನಪಾಗಿ ಕಿವಿ ಬಿಸಿಯಾಯಿತು.

ಆ ಶನಿವಾರ ಸಂಗಮೇಶ್ವರ ಕಾಳಗಿಗೆ ಮದುವೆಗೆಂದು ಹೋಗಿದ್ದ. ಅವನು ಇರಲಿ ಬಿಡಲಿ, ಯಂತ್ರದ ಎಣ್ಣೆ ಮಾರುವ ಅವರ ಅಂಗಡಿಯಲ್ಲಿ ಕುಳಿತುಕೊಳ್ಳುವವಳು ಅವಳೇ. ಅವನು ಖಣಿ, ಕ್ರಷರ್ ಎಂದು ಗಿರಾಕಿ ಹಿಡಿಯಲು ತಿರುಗುತ್ತಿದ್ದ. ಬಂದ ಗಿರಾಕಿ ಮೊದಲು ಅವಳ ತಲೆಯ ಮೇಲಿನಿಂದ ಒಳಗೆ ಇಣುಕಿ "ಅಣ್ಣಾರ ಇಲ್ಲೇನ್ರಿ?" ಎನ್ನುತ್ತಿದ್ದ. ಇಲ್ಲ ಎಂದರೆ ಕೆಲವರು ಕಟ್ಟೆಯ ಮೇಲೆ ಕುಳಿತು ಬೀಡಿ ಹಚ್ಚುತ್ತಿದ್ದರು. ಹೆಂಗಸಿನ ಕೈಯಿಂದ ಎಣ್ಣೆ ಒಯ್ದರೆ ಇಂಜಿನ್ನು ಕೆಡುತ್ತದೆ ಎಂಬಂತೆ. ಆದರೂ ಡಬ್ಬಿಗಳ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ಓದಿ, ಎಣ್ಣೆ ಹಚ್ಚಿದ ಬೆರಳುಗಳನ್ನು ಉಜ್ಜಿ ಉಜ್ಜಿ, ಯಾವುದು ಬಿಸಿಲಿಗೆ ತಡೆಯುತ್ತದೆ, ಯಾವುದು ಜಾರಿಹೋಗುತ್ತದೆ ಎಂದು ಅವಳು ತಿಳಿದುಕೊಂಡಿದ್ದಳು. ಯಾರೂ ಕೇಳದಿದ್ದರೂ ತಿಳಿದುಕೊಂಡಿದ್ದಳು. ಮಳಖೇಡದಿಂದ ದಿನಾ ಬಸ್ಸಿನಲ್ಲಿ ಸೇಡಂ ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ, ಪ್ರಯೋಗಾಲಯದ ಉದ್ದ ಗಾಜಿನ ಕೊಳವೆಯೊಳಗೆ ಗ್ಲಿಸರಿನ್ ತುಂಬಿ ಸಣ್ಣ ಉಕ್ಕಿನ ಗುಂಡು ಬಿಡುತ್ತಿದ್ದರು. ಗುಂಡು ಅವಸರವಿಲ್ಲದೆ ಇಳಿಯುವುದನ್ನು ನೋಡುತ್ತ ನಿಂತರೆ ಅವಳಿಗೆ ತಾನೂ ಉಸಿರು ನಿಧಾನ ಮಾಡಿದಂತೆ ಅನ್ನಿಸುತ್ತಿತ್ತು. ಕೊಳವೆಯನ್ನು ಬಿಸಿನೀರಿನಲ್ಲಿಟ್ಟು ಬಿಟ್ಟರೆ ಅದೇ ಗುಂಡು ತಟ್ಟನೆ ತಳ ಸೇರುತ್ತಿತ್ತು. ಸ್ನಿಗ್ಧತೆ ಅಂದರೆ ದ್ರವದ ಹಠ, ಬಿಸಿಯಾದರೆ ಹಠ ಬಿಡುತ್ತದೆ ಎಂದಿದ್ದರು ಮೇಡಂ. ಅವಳ ಮದುವೆ ಗೊತ್ತಾದಾಗ ಆ ಪ್ರಯೋಗದ ಪುಸ್ತಕ ಅರ್ಧ ಉಳಿದಿತ್ತು. ಗಂಡಿನವರು ಎಣ್ಣೆ ಅಂಗಡಿಯವರು ಎಂದು ಕೇಳಿದಾಗ ಅಡುಗೆ ಎಣ್ಣೆ ಎಂದುಕೊಂಡಿದ್ದಳು.

"ಗೇಟ ತಗದ್ರು" ಎಂದ ಸಂಗಮೇಶ್ವರ. ಕಾರು ಹಳಿ ದಾಟುವಾಗ ಮೋಸಂಬಿ ಚೀಲ ಅವಳ ತೊಡೆಯ ಮೇಲೆ ವಾಲಿತು. ಶೌಕತ ಅಲಿ ಅಂದು ಅಂಗಡಿಗೆ ಬಂದಾಗಲೂ ಗೇಟು ಹಾಕಿತ್ತು. ಅವನು ಬೆವರು ಒರೆಸಿಕೊಳ್ಳುತ್ತ ಹಳಿ ದಾಟಿ ನಡೆದೇ ಬಂದಿದ್ದ. ದೇವಿಂದ್ರಪ್ಪನ ಖಣಿಯಲ್ಲಿ ಲೋಡರ್ ಓಡಿಸುವವನು, ವಯಸ್ಸಾದವನು, ಗಂಡನನ್ನು ಕೇಳದೆ ಅವಳನ್ನೇ ಕೇಳುತ್ತಿದ್ದ ಒಬ್ಬನೇ ಗಿರಾಕಿ. "ಅಕ್ಕಾರ, ಹಳೇ ಲೋಡರಿಂದು ಹೈಡ್ರಾಲಿಕ್ ಎಣ್ಣಿ ಪೂರಾ ಬದಲ ಮಾಡೂದದ." ಆ ಗಾಡಿಗೆ ಬೇಕಾದ ಗಟ್ಟಿ ಎಣ್ಣೆ, ಅರವತ್ತೆಂಟು ನಂಬರಿನದು, ಮುಗಿದಿತ್ತು. ಗೋಡೆಯುದ್ದಕ್ಕೂ ಇದ್ದದ್ದು ನಲವತ್ತಾರರ ಡಬ್ಬಿಗಳು, ಚಳಿಗಾಲಕ್ಕೆ ತರಿಸಿ ಉಳಿದವು. "ಇದು ತೆಳುವು ಶೌಕತಣ್ಣಾ. ಬಿಸಲು ಹ್ಯಾಂಗದ ನೋಡು, ಮ್ಯಾಲ ಆ ಗಾಡಿದು ಎಲ್ಲಾ ಸವದು ಹೋಗ್ಯದ. ಇದನ್ನ ಹಾಕಿದ್ರ ಮಧ್ಯಾಹ್ನಕ್ಕ ನೀರಾಗ್ತದ, ಭಾರ ತಡಿಯಂಗಿಲ್ಲ. ಸೋಮವಾರ ಮಾಲ ಬರ್ತದ, ತಡೀ. ಇಲ್ಲಂದ್ರ ಸೇಡಂದಾಗ ಸಿಗ್ತದ." ಅವನು ತಲೆ ಕೆರೆದುಕೊಂಡ. "ಸಾಹುಕಾರ್ರು ಇವತ್ತೇ ಗಾಡಿ ಚಾಲೂ ಆಗಬೇಕಂದಾರ. ಅಣ್ಣಾರಿಗಿ ಒಂದ ಫೋನ್ ಹಚ್ಚರಿ."

ಫೋನಿನಲ್ಲಿ ಬ್ಯಾಂಡು ಬಾರಿಸುತ್ತಿತ್ತು. ಎರಡೂ ಕೈಗೆ ಎಣ್ಣೆಯಾಗಿದ್ದರಿಂದ ಅವಳು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ್ದಳು. ಅದೇ ಅವಳು ಮಾಡಿದ ದಡ್ಡತನ. "ಸೇಡಂಗಿ ಕಳಸ್ತಿಯೇನು? ತಲಿ ಅದನೋ ಇಲ್ಲೋ ನಿನಗ? ಹೋದ ಗಿರಾಕಿ ತಿರುಗಿ ಬರ್ತಾನೇನು? ಇದ್ದದ್ದು ಕೊಡು." "ತೆಳು ಆಗ್ತದ್ರಿ, ಆ ಗಾಡಿ..." "ಏ ಶೌಕತಣ್ಣಾ, ಕೇಳಾಕತ್ತಿಯೇನು? ನಮ್ಮ ಮನ್ಯಾಕಿ ಸಾರು ಮಾಡಿದ್ರ ನೀರಿಗಿಂತ ತೆಳು. ಎಣ್ಣಿ ಮಾತ್ರ ಗಟ್ಟಿನೇ ಬೇಕು ಆಕಿಗಿ!" ಅತ್ತಲಿಂದ ನಾಲ್ಕಾರು ಜನ ನಕ್ಕದ್ದು ಕೇಳಿಸಿತು. ಕಟ್ಟೆಯ ಮೇಲಿದ್ದ ಲಾರಿಯವರು ನಕ್ಕರು. ಶೌಕತ ಅಲಿಯೂ, ಅವಳ ಮುಖ ನೋಡದೆ, ಮೀಸೆಯೊಳಗೆ ನಕ್ಕ. ಆ ಒಬ್ಬ ನಗದಿದ್ದರೆ. ಅವಳು ಎದ್ದು ಡಬ್ಬಿಗಳನ್ನು ಒಂದೊಂದಾಗಿ ನೆಲದ ಮೇಲೆ ಕಾಲಿನಿಂದ ಅವನ ಕಡೆ ತಳ್ಳಿದಳು. "ಒಯ್ಯಿ" ಎಂದಳು. ಬಾಯಿಂದ ಬಂದದ್ದು ಅಷ್ಟೇ. ಒಳಗೆ ಹೇಳಿಕೊಂಡದ್ದು ಬೇರೆ ಇತ್ತು.

ಒಳಗೆ ಹೇಳಿಕೊಂಡದ್ದನ್ನು ಅವಳು ಈ ನಾಲ್ಕು ದಿನಗಳಿಂದ ತಿರುವಿ ಹಾಕುತ್ತಿದ್ದಾಳೆ. ಹಾಳಾಗಿ ಹೋಗಲಿ ಎಂದುಕೊಂಡಿದ್ದಳು. ಆ ಗಾಡಿ ಕೆಡಲಿ, ನಡುಬಿಸಿಲಿನಲ್ಲಿ ನಿಲ್ಲಲಿ, ಪಂಪು ಕಿರುಚಿಕೊಳ್ಳಲಿ, ದೇವಿಂದ್ರಪ್ಪ ಫೋನು ಮಾಡಿ ಬಯ್ಯಲಿ, ಆಗ ಈ ಮನುಷ್ಯ ಬಂದು ನನ್ನ ಮುಂದೆ ನಿಲ್ಲಲಿ. ಆ ಸಂಜೆ ಜೋಳದ ರೊಟ್ಟಿ ಬಡಿಯುತ್ತ ಅವಳು ಅದನ್ನೇ ಕಣ್ಣ ಮುಂದೆ ತಂದುಕೊಂಡು ಸುಖಪಟ್ಟಿದ್ದಳು. ಅವನು ತಲೆ ತಗ್ಗಿಸಿ ನಿಂತದ್ದು, ನೀ ಹೇಳಿದ್ದ ಖರೆ ಆಯ್ತು ನೋಡು ಎಂದದ್ದು. ತನಗೆ ತಿಳಿದದ್ದು ನಿಜವೆಂದು ತೋರಿಸಲು ಒಂದು ಯಂತ್ರ ಕೆಡಬೇಕಾಗಿತ್ತು. ಕೆಡಲಿ ಎಂದು ಅವಳು ಕಾಯುತ್ತಿದ್ದಳು. ಯಂತ್ರದ ಕೆಳಗೆ ಯಾರಿದ್ದಾರೆ ಎಂದು ಅವಳು ನೋಡಲಿಲ್ಲ. ನೋಡಲಿಲ್ಲವೇ? ಅವಳಿಗೆ ಗೊತ್ತಿರಲಿಲ್ಲವೇ? ಹೋಳಿ ಕಳೆದ ಮೇಲೆ ಒಮ್ಮೆ ಗಂಡನ ಜೊತೆ ಆ ಖಣಿಗೆ ಹೋಗಿದ್ದಳು. ಬರೀ ಕಲ್ಲು. ಕಡಿದ ಫರಸಿ ಕಲ್ಲುಗಳ ಹೊಳಪು ಕಣ್ಣಿಗೆ ಚುಚ್ಚುತ್ತಿತ್ತು, ಒಂದು ಗಿಡವಿಲ್ಲ, ಒಂದು ಗೋಡೆಯಿಲ್ಲ. ಮಧ್ಯಾಹ್ನ ಶೌಕತ ಅಲಿ ಲೋಡರನ್ನು ತಂದು, ಅದರ ಅಗಲವಾದ ಕಬ್ಬಿಣದ ಬಕೆಟ್ಟನ್ನು ಆಳೆತ್ತರಕ್ಕೆ ಎತ್ತಿ, ಇಂಜಿನ್ನು ಬಂದ್ ಮಾಡಿ ಹೋಗುತ್ತಿದ್ದ. ಆ ಖಣಿಯಲ್ಲಿ ನೆರಳೆಂದರೆ ಅದೇ. ಕಲ್ಲು ಹೊರುವ ಹೆಂಗಸರು ಬುತ್ತಿ ಬಿಚ್ಚಿಕೊಂಡು ಅದರ ಕೆಳಗೆ ಒತ್ತೊತ್ತಿ ಕೂರುತ್ತಿದ್ದರು. "ಬರ್ರಿ ಅಕ್ಕಾರ, ಬಿಸಲಾಗ ಯಾಕ ನಿಂತೀರಿ, ನೆಳ್ಳಿಗಿ ಕುಂದ್ರಿ" ಎಂದು ಕರೆದವಳು ಲಲಿತಾಬಾಯಿ. ಸರಿದು ಜಾಗ ಮಾಡಿಕೊಟ್ಟು, ತನ್ನ ಬಾಟಲಿಯ ನೀರು ಕೊಟ್ಟಿದ್ದಳು. ಕಬ್ಬಿಣದ ಕೆಳಗೆ ನಿಜಕ್ಕೂ ತಂಪಿತ್ತು. "ಇದು ಬೀಳಂಗಿಲ್ಲೇನ್ರೀ?" ಎಂದು ಬಸವೇಶ್ವರಿ ಮೇಲೆ ನೋಡಿ ಕೇಳಿದಾಗ ಹೆಂಗಸರೆಲ್ಲ ನಕ್ಕಿದ್ದರು. "ಬೀಳೂದ್ಯಾಕ? ಒಳಗ ನಿಮ್ಮಂಗಡಿ ಎಣ್ಣಿನೇ ಅಲ್ಲೇನು ಹಿಡಕೊಂಡಿದ್ದು!"

ಎಣ್ಣೆ ಬದಲಾದ ಮರುದಿನ ಮಧ್ಯಾಹ್ನ ಅದು ಬೀಳಲಿಲ್ಲ, ಇಳಿಯಿತು. ಕೊಳವೆಯಲ್ಲಿ ಗುಂಡು ಇಳಿದಂತೆ. ಊಟ ಮುಗಿಸಿ ಉಳಿದ ಹೆಂಗಸರು ಪಾತ್ರೆ ತೊಳೆಯಲು ಟ್ಯಾಂಕಿನ ಕಡೆ ಹೋಗಿದ್ದರಂತೆ, ಲಲಿತಾಬಾಯಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೋಗಿದ್ದಳಂತೆ. ಬಕೆಟ್ಟಿನ ಅಂಚು ಅವಳ ಎಡಗಾಲಿನ ಮೇಲೆ ಕುಳಿತಾಗಲೇ ಅವಳಿಗೆ ಎಚ್ಚರವಾದದ್ದು. ಇಂಜಿನ್ನು ಚಾಲೂ ಮಾಡಿ ಎತ್ತಲು ಶೌಕತ ಅಲಿ ನಮಾಜಿನಿಂದ ಓಡಿ ಬರಬೇಕಾಯಿತು.

"ಕಲಬುರಗಿಗಿ ಒಯ್ದಿದ್ರ ಚೊಲೊ ಆಗ್ತಿತ್ತೇನ್ರಿ ಮಾವಾರ?" ಎಂದು ಹಿಂದಿನ ಸೀಟಿನಿಂದ ಬಸವೇಶ್ವರಿ ಕೇಳಿದಳು. "ಕಲಬುರಗಿಗಿ ಒಯ್ದ್ರ ಮೊದಲ ಬರೂದು ಡಾಕ್ಟರ್ ಅಲ್ಲ, ಪೊಲೀಸರು" ಎಂದ ದೇವಿಂದ್ರಪ್ಪ. "ಗಾಡಿ ಜಪ್ತಿ ಮಾಡ್ತಾರ, ಖಣಿ ಬಂದ್ ಮಾಡಸ್ತಾರ. ಬಂದ್ ಆದ್ರ ತಾಂಡಾದ ಅಷ್ಟೂ ಹೆಣ್ಮಕ್ಕಳು ಎಲ್ಲಿ ಹೋಗ್ಬೇಕು, ನೀ ಹೇಳು. ಅವರ ಸಲುವಾಗೇ ನಾ ಇಷ್ಟು ಓಡಾಡಾಕತ್ತೀನಿ. ತಾಂಡಾದ ಹಿರಿಯಾರೂ ಒಪ್ಯಾರ." "ಕಾಲು ಹ್ಯಾಂಗದಂತ್ರಿ?" "ಅದೇನ್, ಪಟ್ಟಿ ಕಟ್ಯಾರ. ಮ್ಯಾಲ ಶರಣರ ಇಚ್ಛಾ." ಸಂಗಮೇಶ್ವರ ಹಿಂತಿರುಗಿ ಅವಳನ್ನು ದುರುಗುಟ್ಟಿ ನೋಡಿದ, ಮುಖ ಮಸುಕಾಗಿ ಕಂಡರೂ ದುರುಗುಟ್ಟುತ್ತಿದ್ದಾನೆ ಎಂದು ಕುತ್ತಿಗೆಯ ತಿರುವಿನಿಂದಲೇ ಅವಳಿಗೆ ತಿಳಿಯಿತು. ಅವನ ಕುತ್ತಿಗೆಯ ಹಿಂದೆ ಲಿಂಗದ ದಾರ ಬೆವರಿಗೆ ಅಂಟಿಕೊಂಡಿತ್ತು. ದಿನಾ ಬೆಳಿಗ್ಗೆ ಇಬ್ಬರೂ ಎದುರುಬದುರು ಕುಳಿತು ಪೂಜೆ ಮಾಡಿಕೊಳ್ಳುತ್ತಾರೆ. ಇವತ್ತೂ ಮಾಡಿಕೊಂಡಿದ್ದರು. ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದ್ದಾಗ ಅವನ ತುಟಿಗಳು ಅಲುಗುತ್ತಿದ್ದವು. ಅವಳಿಗೆ ಹೇಳಿಕೊಡಬೇಕಾದ ಮಾತನ್ನೇ ಅವನು ಆಗಲೂ ಉರುಹಾಕುತ್ತಿದ್ದನೇನೋ.

ಗೊತ್ತಿರಲಿಲ್ಲ ಎಂದು ಹೇಳುವುದು ಕಷ್ಟದ ಕೆಲಸವಲ್ಲ. ಅತ್ತೆಯ ಮುಂದೆ ಹೇಳಿದ್ದಾಳೆ, ನಾದಿನಿಯರ ಮುಂದೆ ಹೇಳಿದ್ದಾಳೆ, ಕಂಪನಿಯಿಂದ ಬಂದ ಮಾರಾಟದವನು ತಪ್ಪು ಹೇಳುತ್ತಿದ್ದಾಗ ಗಂಡನ ಮಾನ ಉಳಿಯಲೆಂದು ಸುಮ್ಮನಿದ್ದು, ಆಮೇಲೆ ನನಗೇನ್ ಗೊತ್ತಾಗ್ತದ್ರಿ ಎಂದಿದ್ದಾಳೆ. ಆ ಮಾತು ನಾಲಿಗೆಗೆ ಎಷ್ಟು ರೂಢಿಯಾಗಿದೆಯೆಂದರೆ ಅದರ ರುಚಿಯೇ ಹೋಗಿದೆ. ಇವತ್ತು ಅದನ್ನು ಇನ್ನೊಮ್ಮೆ ಹೇಳಿದರೆ ಎಲ್ಲರೂ ಮನೆಗೆ ಹೋಗುತ್ತಾರೆ. ಸಂಗಮೇಶ್ವರ ಫೋನಿನಲ್ಲಿ ಹೇಳಿದ್ದು ಹೇಳದಂತಾಗುತ್ತದೆ. ದೇವಿಂದ್ರಪ್ಪನ ಅವಸರ ಅವಸರವಲ್ಲದಂತಾಗುತ್ತದೆ. ಅವಳ ಆ ಸಂಜೆಯ ಸುಖವೂ ಇಲ್ಲದಂತಾಗುತ್ತದೆ. ಇದು ಹೊಳೆದಾಗ ಅವಳಿಗೆ ಮೈ ಉರಿಯಿತು. ಅವಳನ್ನು ದಡ್ಡಿ ಮಾಡಿ ಇವರು ಉಳಿದುಕೊಳ್ಳುವುದಷ್ಟೇ ಅಲ್ಲ, ದಡ್ಡಿಯಾಗಿ ಅವಳೂ ಉಳಿದುಕೊಳ್ಳುತ್ತಾಳೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ.

ಆ ನರ್ಸಿಂಗ್ ಹೋಮು ಶಹಾಬಾದಿನ ಒಂದು ಓಣಿಯಲ್ಲಿತ್ತು, ಕೆಳಗೆ ಔಷಧಿ ಅಂಗಡಿ, ಮೇಲೆ ನಾಲ್ಕು ಕೋಣೆ. ಮೆಟ್ಟಿಲಿಗೆ ಅದೇ ಊರಿನ ಕಲ್ಲು ಹಾಸಿದ್ದರು. ತುಳಿದು ತುಳಿದು ನುಣುಪಾದ ಅಂಚು ಕಾಣದೆ ಅವಳು ಎಡವಿದಳು. ಸಂಗಮೇಶ್ವರ ರಟ್ಟೆ ಹಿಡಿದು ಎತ್ತಿದ, ಹಿಡಿದ ಕೈಯನ್ನು ಬಿಡಲಿಲ್ಲ. ಕಿವಿಯ ಹತ್ತಿರ ಬಗ್ಗಿ, "ಅಳು ಬಂದ್ರ ಅಳು. ಭಾಳ ಚೊಲೋ" ಎಂದ. ಕೋಣೆಯ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು, ಲಲಿತಾಬಾಯಿಯ ಮಗಳು ಸರಿತಾ. ಚಿತ್ತಾಪುರದಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವಳು ಬಿಟ್ಟು ಬಂದು ತಾಯಿಯ ಹತ್ತಿರ ಕುಳಿತಿದ್ದಳು. ಅವಳು ಮೋಸಂಬಿಯ ಚೀಲ ಇಸಿದುಕೊಳ್ಳಲಿಲ್ಲ. "ಇವರೇನು?" ಎಂದು ದೇವಿಂದ್ರಪ್ಪನನ್ನು ಕೇಳಿದಳು. "ಹೂಂ, ಇವರೇ. ಪಾಪ, ಊಟ ಬಿಟ್ಟು ಕುಂತಾಳ ನಾಲ್ಕ ದಿನದಿಂದ" ಎಂದ ಅವನು. ಊಟ ಬಿಟ್ಟಿರಲಿಲ್ಲ. ಎರಡೂ ಹೊತ್ತು ಉಂಡಿದ್ದಳು, ಸಿಟ್ಟಿನಿಂದ ಹೆಚ್ಚೇ ಉಂಡಿದ್ದಳು.

ಮಂಚದ ಮೇಲೆ ಲಲಿತಾಬಾಯಿ ದಿಂಬಿಗೆ ಒರಗಿದ್ದಳು. ದೂರದಿಂದ ಬರೀ ಬಣ್ಣಗಳು ಕಂಡವು: ಬಿಳಿ ಹೊದಿಕೆ, ಅದರ ಹೊರಗೆ ಚಾಚಿದ್ದ ಪಟ್ಟಿ ಕಟ್ಟಿದ ಕಾಲು. ಬಸವೇಶ್ವರಿ ಹತ್ತಿರ ಹೋಗಲೇಬೇಕಾಯಿತು. ಹೋದಷ್ಟೂ ಒಂದು ವಾಸನೆ ಬಂತು, ಡೆಟಾಲಿನ ಅಡಿಯಲ್ಲಿ ಅಡಗಿದ್ದ ಸಿಹಿಯಾದ ಕೆಟ್ಟ ವಾಸನೆ. ಪಟ್ಟಿಯ ತುದಿಯಲ್ಲಿ ಹೊರಗಿದ್ದ ಬೆರಳುಗಳನ್ನು ಬಗ್ಗಿ ನೋಡಿದಳು. ಎರಡು ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ಯಾರೂ ಅವಳಿಗೆ ಇದನ್ನು ಹೇಳಿರಲಿಲ್ಲ. "ನಿನ್ನಿಯಿಂದ ಹಿಂಗಾಗ್ಯಾವ" ಎಂದಳು ಸರಿತಾ ಹಿಂದಿನಿಂದ. "ಸಂಜಿಗಿ ಬರೋ ಡಾಕ್ಟರು ನನ್ನೊಬ್ಬಾಕಿನ್ನ ಹೊರಗ ಕರದು ಕಲಬುರಗಿಗಿ ಒಯ್ರಿ ಅಂದ್ರು. ಸಾಹುಕಾರ್ರು ಒಯ್ದ್ರ ನಿಮ್ಮ ಜಿಮ್ಮೇದಾರಿ ಅಂತಾರ. ಅವ್ವ ನೋಡಿದ್ರ ಕೇಸ್ ಬ್ಯಾಡ, ಪಾಪ ತಿಳೀಲಾರದ ಹೆಣ್ಮಗಳು ಅಂತಾಳ."

"ಬರ್ರಿ ಅಕ್ಕಾರ" ಎಂದಳು ಲಲಿತಾಬಾಯಿ. ಅದೇ ದನಿ, ನೆರಳಿಗೆ ಕರೆದ ದನಿ. ಸ್ವಲ್ಪ ಒಣಗಿತ್ತು ಅಷ್ಟೆ. "ಕುಂದ್ರಿ. ನನಗ ನಿಮ್ಮ ಮ್ಯಾಲ ಸಿಟ್ಟಿಲ್ಲ. ನನ್ನ ಹಣಿಬಾರ. ನಾನೂ ಒಂದಿನ ಗೊತ್ತಿಲ್ದ ಮಗಳಿಗಿ ಅವಧಿ ಮುಗದಿದ್ದ ಔಷಧಿ ಹಾಕಿದ್ದೆ, ಸಾಯೂದೊಂದು ಉಳದಿತ್ತು. ಓದಾಕ ಬರಲಿಲ್ಲಂದ್ರ ಏನ್ ಮಾಡೂದು. ನಮ್ಮಂಥ ಹೆಣ್ಮಕ್ಕಳು." ಅವಳು ಕೈ ಚಾಚಿ ಬಸವೇಶ್ವರಿಯ ಮುಂಗೈ ಹಿಡಿದಳು. ಕಲ್ಲು ಹೊತ್ತ ಅಂಗೈ, ಗಡಸು, ಜ್ವರದಿಂದ ಸುಡುತ್ತಿತ್ತು. "ಗೊತ್ತಿಲ್ದ ಆಯ್ತು ಅಂತ ನಿಮ್ಮ ಬಾಯಿಲೆ ಒಂದ ಮಾತು ಹೇಳ್ರಿ, ನನ್ನ ಜೀವಕ್ಕ ಸಮಾಧಾನ ಆಗ್ತದ. ಬೇಕಂತ ಮಾಡಿಲ್ಲಲ್ಲ ಯಾರೂ." ಹಿಂದೆ ಸಂಗಮೇಶ್ವರ ಮೆಲ್ಲಗೆ ಕೆಮ್ಮಿದ. ಶುರು ಮಾಡು ಎಂಬ ಕೆಮ್ಮು.

ನಮ್ಮಂಥ ಹೆಣ್ಮಕ್ಕಳು ಎಂಬ ಆ ಮಾತೇ ಅವಳನ್ನು ಹೊಡೆಯಿತು. ಈ ಹೆಂಗಸು ತನ್ನ ತಿಳಿಯದಿರುವಿಕೆಯಲ್ಲಿ ಅವಳಿಗೂ ಸರಿದು ಜಾಗ ಮಾಡಿಕೊಡುತ್ತಿದ್ದಳು, ಬಿಸಿಲಿನಲ್ಲಿ ಯಾಕೆ ನಿಂತಿದ್ದೀ ಬಾ ಎನ್ನುವಂತೆ. ಕುಳಿತುಬಿಟ್ಟರೆ ಮುಗಿಯಿತು. ಬಸವೇಶ್ವರಿಗೆ ಅಳು ಬಂತು, ಬಂದದ್ದನ್ನು ಸಂಗಮೇಶ್ವರ ಕಂಡು ಹಗುರಾದದ್ದೂ ಅವನ ಉಸಿರಿನಲ್ಲಿ ಕೇಳಿಸಿತು. ಅದು ಕೇಳಿಸದಿದ್ದರೆ ಅವಳು ಬಹುಶಃ ಆ ಮಾತನ್ನು ಹೇಳಿಯೇಬಿಡುತ್ತಿದ್ದಳು.

"ನನಗ ಗೊತ್ತಿತ್ತು" ಎಂದಳು.

"ಏನಂದ್ರಿ?" ಎಂದಳು ಲಲಿತಾಬಾಯಿ.

"ಆ ಎಣ್ಣಿ ಆ ಗಾಡಿಗಿ ಬರಂಗಿಲ್ಲ ಅಂತ ಗೊತ್ತಿತ್ತು. ಬಿಸಲಿಗಿ ನೀರಾಗಿ ಸಂದಿಲೆ ಹರದು ಹೋಗ್ತದ, ಎತ್ತಿದ್ದು ನಿಂದ್ರಂಗಿಲ್ಲ ಅಂತ ಗೊತ್ತಿತ್ತು. ಶೌಕತಣ್ಣಾಗ ಹೇಳೀನಿ. ಇವರಿಗಿ ಫೋನಿನಾಗ ಹೇಳೀನಿ. ಇವರು ಇದ್ದದ್ದು ಕೊಡು ಅಂದ್ರು. ನಾ ಕೊಟ್ಟೆ."

"ಏ ಬಸೂ!" ಸಂಗಮೇಶ್ವರ ಮುಂದೆ ಬಂದ. "ತಲಿ ಕೆಟ್ಟದ ಆಕಿದು. ನಾಲ್ಕ ದಿನದಿಂದ ಉಪವಾಸ..." ದೇವಿಂದ್ರಪ್ಪ ಬಾಗಿಲು ಮುಚ್ಚಲು ಹೋದ, ಸರಿತಾ ಅದಕ್ಕೆ ಬೆನ್ನು ಕೊಟ್ಟು ನಿಂತಳು. "ನೋಡವ್ವಾ ಬಸಮ್ಮ, ದೊಡ್ಡ ಮಾತ ಆಡಬ್ಯಾಡ. ಒಂದು ನಂಬರ ಹೆಚ್ಚು ಕಡಿಮಿ ಆದ್ರ ಏನ್ ಆಗ್ತದ? ನಾ ಮೂವತ್ತು ವರ್ಷ ಆಯ್ತು ಗಾಡಿ ಇಟ್ಟು" ಎಂದ ದೇವಿಂದ್ರಪ್ಪ. "ಏನ್ ಆಗ್ತದ ಅಂತ ಅಲ್ಲಿ ಮಲಗ್ಯದ ನೋಡ್ರಿ ಮಾವಾರ" ಎಂದಳು ಅವಳು. ತನ್ನ ದನಿ ಇಷ್ಟು ಎತ್ತರ ಹೋಗಬಲ್ಲದು ಎಂದು ಅವಳಿಗೇ ತಿಳಿದಿರಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಮಾತು ನಿಲ್ಲಿಸಿದರು. "ಕಾಲಿನ ಬೆರಳು ಕರ್ರಗಾಗ್ಯಾವ, ನಿಮಗ ಗಾಡಿ ಜಪ್ತಿ ಆಗೂದರ ಚಿಂತಿ. ಇವರಿಗಿ ಗಿರಾಕಿ ಚಿಂತಿ. ನನಗ ಏನ ಚಿಂತಿ ಇತ್ತು ಗೊತ್ತದೇನು? ಗಾಡಿ ಕೆಡಲಿ ಅನ್ನೂದಿತ್ತು. ಕೆಟ್ರ ನನ್ನ ಮಾತ ಖರೆ ಆಗ್ತದ ಅನ್ನೂದಿತ್ತು."

ಲಲಿತಾಬಾಯಿ ಹಿಡಿದಿದ್ದ ಕೈಯನ್ನು ಬಿಟ್ಟಿರಲಿಲ್ಲ. ಬಿಡದೆಯೇ, ತುಂಬ ನಿಧಾನವಾಗಿ ಕೇಳಿದಳು. "ನಾವು ಅದರ ಕೆಳಗ ಕುಂದ್ರತೀವಿ ಅನ್ನೂದು?"

"ಅದೂ ಗೊತ್ತಿತ್ತು. ನೀವೇ ಕರದು ಕುಂದ್ರಿಸಿದ್ರಿ. ನೀರು ಕೊಟ್ಟಿದ್ರಿ."

ಆಗ ಲಲಿತಾಬಾಯಿ ಕೈ ಕಿತ್ತುಕೊಂಡಳು. ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ಸ್ಟೀಲ್ ಲೋಟ ಗೋಡೆಗೆ ಬಡಿದು ಉರುಳಿತು. ತನಗೆಂದೇ ಎಸೆದದ್ದು, ಗುರಿ ತಪ್ಪಿತು ಎಂದು ಬಸವೇಶ್ವರಿಗೆ ಆಮೇಲೆ ಗೊತ್ತಾಯಿತು. "ಗೊತ್ತಿದ್ದೂ ಕೊಟ್ಟಿ?" ಎಂದಳು ಲಲಿತಾಬಾಯಿ. ಅಕ್ಕಾರ ಎನ್ನುವುದು ಹೋಗಿತ್ತು, ಬರ್ರಿ ಕುಂದ್ರಿ ಎನ್ನುವುದೂ ಹೋಗಿತ್ತು. "ಓದಾಕ ಬರ್ತದ, ಬುದ್ಧಿ ಅದ, ಗೊತ್ತಿದ್ದೂ ಕೊಟ್ಟಿ? ನಾ ಇಲ್ಲಿ ದೇವರಿಗಿ ಕೈ ಮುಗಿಲಿಕತ್ತೀನಿ, ಪಾಪ ತಿಳೀಲಾರದಾಕಿ, ಆಕಿಗಿ ಏನೂ ಆಗಬಾರದು ಅಂತ. ನಿನ್ನ ಬಾಯಿಗಿ ಏನ್ ಆಗಿತ್ತು? ಖಣಿತನ ಬಂದು ಒಂದ ಮಾತು ಹೇಳಿದ್ರ ನಿನ್ನ ಕಾಲು ಸವೀತಿದ್ವೇನು?" ಇಷ್ಟು ವರ್ಷಗಳಲ್ಲಿ ಬಸವೇಶ್ವರಿಗೆ ಗೊತ್ತಿದೆ ಎಂದು ಒಪ್ಪಿಕೊಂಡು ಅವಳೊಡನೆ ಯಾರೂ ಹೀಗೆ ಮಾತಾಡಿರಲಿಲ್ಲ. ಬೈಗುಳ ಎದೆಗೆ ನೇರವಾಗಿ ಬಂದು ಕುಳಿತುಕೊಳ್ಳುತ್ತಿತ್ತು, ಅಡ್ಡ ಸರಿಯಬೇಕೆನ್ನಿಸಲಿಲ್ಲ. ಕಣ್ಣೀರು ಮಾತ್ರ ಸುರಿಯುತ್ತಲೇ ಇತ್ತು. "ಅಳಬ್ಯಾಡ ನನ್ನ ಮುಂದ" ಎಂದಳು ಲಲಿತಾಬಾಯಿ. "ನಿನ್ನ ಅಳು ತಗೊಂಡು ನಾ ಏನ್ ಮಾಡ್ಲಿ? ಸರಿತಾ, ಹಚ್ಚು ಫೋನ್. ಕಲಬುರಗಿಗಿ ಹೋಗಮು. ಯಾರ್ಯಾರ ಖಣಿ ಬಂದ್ ಆಗ್ತಾವ ಆಗ್ಲಿ."

ಅಂಬುಲೆನ್ಸು ಬರುವ ತನಕ ಗಂಡಸರಿಬ್ಬರೂ ಮೊಗಸಾಲೆಯಲ್ಲಿ ಫೋನಿಗೆ ಹತ್ತಿದರು. ದೇವಿಂದ್ರಪ್ಪ ತಾಂಡಾದ ಹಿರಿಯರಿಗೆ ಹಚ್ಚುತ್ತಿದ್ದ, ಅವರು ಎತ್ತುತ್ತಿರಲಿಲ್ಲ. ಸಂಗಮೇಶ್ವರ ಅವಳನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿ, ಹಲ್ಲು ಕಚ್ಚಿ, "ಮನಿಗಿ ಬಾ ನೀ" ಎಂದ. "ಅಂಗಡಿ ಬಾಗಿಲು ಹಾಕಸ್ತಿ. ನನ್ನ ಜೈಲಿಗಿ ಹಾಕಸ್ತಿ. ಹೆಂಡ್ತಿ ಆಗಿ ಬಂದಿಯೋ ವೈರಿ ಆಗಿ ಬಂದಿಯೋ?" ಅವಳಿಗೆ ಅವನ ಮುಖ ಈಗ ಸ್ಪಷ್ಟವಾಗಿ ಕಾಣುತ್ತಿತ್ತು, ಅಷ್ಟು ಹತ್ತಿರವಿತ್ತು. ಹೆದರಿದ ಮುಖ. ಅವನ ಮೇಲೆ ಕನಿಕರ ಬರಬಹುದಿತ್ತು, ಬರಲಿಲ್ಲ. "ನಾನೂ ಹೋಗ್ತೀನಿ. ನಾನೂ ಕೊಟ್ಟೀನಿ" ಎಂದಳು.

ಇಕ್ಕಟ್ಟಾದ ಮೆಟ್ಟಿಲಿನಲ್ಲಿ ಸ್ಟ್ರೆಚರು ಇಳಿಸುವಾಗ ಲಲಿತಾಬಾಯಿ ಒಮ್ಮೆಯೂ ಕೂಗಲಿಲ್ಲ. ಹೇಗಾಯಿತು ಎಂದು ಅಂಬುಲೆನ್ಸಿನವನು ಕೇಳಿದ. ಸರಿತಾ ಬಸವೇಶ್ವರಿಯ ಕಡೆ ಗದ್ದ ತೋರಿಸಿ, "ಅವರಿಗಿ ಕೇಳ್ರಿ, ಹೇಳ್ತಾರ" ಎಂದಳು. ಅವಳು ಹೇಳಿದಳು. ಓಣಿಯ ಜನ ಸೇರಿದ್ದರು, ಔಷಧಿ ಅಂಗಡಿಯವನು ಹೊರಗೆ ಬಂದು ನಿಂತಿದ್ದ. ಎಲ್ಲರಿಗೂ ಕೇಳುವಂತೆಯೇ ಹೇಳಿದಳು. ಅಂಬುಲೆನ್ಸಿನವನು ಬರೆದುಕೊಂಡು, "ಪೊಲೀಸರ ಮುಂದೂ ಹೇಳಬೇಕಾಗ್ತದ್ರಿ ಅಲ್ಲಿ" ಎಂದ. "ಅದಕ್ಕ ಬರಾಕತ್ತೀನಿ" ಎಂದು ಹಿಂದಿನ ಬಾಗಿಲಿನಿಂದ ಹತ್ತಿದಳು. ದೇವಿಂದ್ರಪ್ಪನ ಕಾರು ಹಾರ್ನು ಹೊಡೆಯಿತು. ಲಲಿತಾಬಾಯಿ ಕಣ್ಣು ತೆರೆದು "ಈಕಿ ಯಾಕ ಇಲ್ಲಿ?" ಎಂದಳು. ಬಾಗಿಲು ಮುಚ್ಚಿತು.

ಶಹಾಬಾದ್ ದಾಟುತ್ತಿದ್ದಂತೆ ರಸ್ತೆ ಕೆಟ್ಟಿತು. ಕಲ್ಲಿನ ಲಾರಿಗಳು ಅಗೆದು ಹಾಕಿದ್ದ ಗುಂಡಿಗಳು. ಮೊದಲ ಗುಂಡಿಗೇ ಸ್ಟ್ರೆಚರು ಕುಲುಕಿ ಲಲಿತಾಬಾಯಿಯ ಬಾಯಿಂದ ಉಸಿರು ಸಿಳ್ಳಿನಂತೆ ಹೊರಬಂತು. ಸರಿತಾ ಎರಡು ಕೈಯಿಂದ ತಾಯಿಯ ತಲೆ ಹಿಡಿದಿದ್ದಳು. "ಕಾಲ ಹಿಡೀರಿ ಯಾರಾರ, ಅಲ್ಲಾಡಬಾರದು" ಎಂದು ಮುಂದಿನಿಂದ ಕೂಗಿದರು. ಬಸವೇಶ್ವರಿ ಸೀಟಿನಿಂದ ಜಾರಿ ನೆಲದ ಮೇಲೆ ಮಂಡಿಯೂರಿದಳು. ಒಂದು ಅಂಗೈಯನ್ನು ಹಿಮ್ಮಡಿಯ ಕೆಳಗೂ ಇನ್ನೊಂದನ್ನು ಮೀನಖಂಡದ ಕೆಳಗೂ ಇಟ್ಟು, ಆ ಕಾಲನ್ನು ನೆಲದಿಂದ ಬರುವ ಪೆಟ್ಟಿನಿಂದ ಎತ್ತಿ ಹಿಡಿದಳು. ಭಾರವಿತ್ತು. ಪಟ್ಟಿಯ ಮೂಲಕ ಬಿಸಿ ಅವಳ ಕೈಗೆ ಇಳಿಯುತ್ತಿತ್ತು, ಹತ್ತಿರದಿಂದ ಆ ವಾಸನೆ ಮೂಗಿಗೆ ಅಡರಿತು. ರಟ್ಟೆಗಳು ಸೋಲತೊಡಗಿದವು. ಕಲಬುರಗಿ ಇನ್ನೂ ದೂರವಿತ್ತು.

"ಸಡಲ ಬಿಡಬ್ಯಾಡ" ಎಂದಳು ಲಲಿತಾಬಾಯಿ, ಹಲ್ಲು ಕಚ್ಚಿಕೊಂಡು, ಅವಳನ್ನೇ ನೋಡುತ್ತ. "ಗಟ್ಟಿ ಹಿಡಿ. ಈ ಸಲ ಬಿಟ್ಟೀ ಅಂದ್ರ ನೋಡು."